ಅಪ್ಪನ ದಾರಿ ಹಿಡಿದರೆ ಯುರೋಪು, ಅಮ್ಮನ ದಾರಿ ಹಿಡಿದರೆ ಬಂಗಾಳ

ಭಾಗ 1/9

ಒಂದು ಸಣ್ಣ ಟೆಸ್ಟ್. ಮುಂದೆ ಓದೋಕೆ ಮೊದಲು ನಿಮ್ಮ ಅಪ್ಪನ ಅಪ್ಪನ ಅಪ್ಪನ ಹೆಸರು ಹೇಳಿ. ತುಂಬಾ ಜನಕ್ಕೆ ಗೊತ್ತಿರುತ್ತೆ. ಮನೆತನದ ಹೆಸರಲ್ಲೋ ಜಮೀನಿನ ಪಹಣಿಯಲ್ಲೋ ಎಲ್ಲಾದರೂ ಆ ಹೆಸರು ಉಳಿದಿರುತ್ತೆ.

ಈಗ ನಿಮ್ಮ ಅಮ್ಮನ ಅಮ್ಮನ ಅಮ್ಮನ ಹೆಸರು ಹೇಳಿ.

ಸಿಕ್ಕಿಬಿದ್ರಿ ಅಲ್ವಾ? ನಾನೂ ಸಿಕ್ಕಿಬಿದ್ದಿದ್ದೆ. ಮನೆಗೆ ಫೋನ್ ಮಾಡಿ ಕೇಳಬೇಕಾಯ್ತು.

ಈ ಸರಣಿ ನಮ್ಮ ಮನೆಯ ಬಗ್ಗೆ ಅಲ್ಲ. ಸಮುದ್ರದಾಚೆಯ ಒಂದು ದೇಶದಲ್ಲಿ ಇದೇ ಪ್ರಶ್ನೆಗೆ ಸರಿಯಾಗಿ ಉತ್ತರ ಹುಡುಕದೇ ಇದ್ದಿದ್ದಕ್ಕೆ ಎಷ್ಟು ದೊಡ್ಡ ಸುಳ್ಳು ಕಟ್ಟಿದರು, ಆ ಸುಳ್ಳು ಎಷ್ಟು ಮನೆ ಮುರಿಯಿತು ಅನ್ನೋದರ ಕಥೆ.

ದೇಶ: ದಕ್ಷಿಣ ಆಫ್ರಿಕಾ. ಜನ: ಆಫ್ರಿಕಾನರ್ ಕುಟುಂಬಗಳು. ಅಂದ್ರೆ 17ನೇ ಶತಮಾನದಿಂದ ಅಲ್ಲಿಗೆ ಬಂದು ನೆಲೆಸಿದ ಡಚ್, ಜರ್ಮನ್ ಮತ್ತು ಫ್ರೆಂಚ್ ವಲಸಿಗರ ವಂಶದವರು. ಇವರ ಭಾಷೆ ಆಫ್ರಿಕಾನ್ಸ್. ವಂಶವೃಕ್ಷ ಅಂದ್ರೆ ಇವರಿಗೆ ಪ್ರಾಣ. ನಮ್ಮ ಮೂಲಪುರುಷ ಇಂಥ ಊರಿನಿಂದ ಇಂಥ ವರ್ಷ ಬಂದ ಅಂತ ಹತ್ತು ಹನ್ನೊಂದು ತಲೆಮಾರು ಹಿಂದಕ್ಕೆ ಹೇಳುವ ಮನೆಗಳು ಅಲ್ಲಿ ಬೇಕಾದಷ್ಟಿವೆ.

ಮೂಲಪುರುಷ ಸರಿ. ಮೂಲಸ್ತ್ರೀ ಯಾರು?

ಅಲ್ಲಿಂದಲೇ ಕಥೆ ಶುರು. ಸ್ವೈಪ್ ಮಾಡಿ.

ಭಾಗ 2/9

1652ರ ಏಪ್ರಿಲ್ 6. ಆಫ್ರಿಕಾ ಖಂಡದ ತೆಂಕಣ ತುದಿಯ ಟೇಬಲ್ ಕೊಲ್ಲಿಯಲ್ಲಿ ಯಾನ್ ವಾನ್ ರಿಬೀಕ್ ಬಂದಿಳಿದ. ಕಳಿಸಿದ್ದು ಡಚ್ ಈಸ್ಟ್ ಇಂಡಿಯಾ ಕಂಪನಿ. 1602ರಲ್ಲಿ ಹುಟ್ಟಿದ ಈ ಕಂಪನಿಗೆ ಏಷ್ಯಾದ ಉದ್ದಕ್ಕೂ ಕೋಠಿಗಳಿದ್ದವು. ಮುಂದೆ ನಮ್ಮ ಕುಂದಾಪುರದ ಹತ್ತಿರದ ಬಸ್ರೂರಿನಲ್ಲೂ ಇದೇ ಕಂಪನಿ ಕೋಠಿ ಇಟ್ಟು ಅಕ್ಕಿ ವ್ಯಾಪಾರ ಮಾಡಿತು.

ಕೇಪ್‌ನಲ್ಲಿ ಅವರಿಗೆ ಬೇಕಿದ್ದದ್ದು ದೇಶ ಅಲ್ಲ, ತರಕಾರಿ! ಹಾಲೆಂಡಿನಿಂದ ಏಷ್ಯಾಕ್ಕೆ ತಿಂಗಳುಗಟ್ಟಲೆ ಪ್ರಯಾಣ. ದಾರಿಯಲ್ಲಿ ನಾವಿಕರು ಸ್ಕರ್ವಿ ಬಂದು ಸಾಯುತ್ತಿದ್ದರು. ಮಧ್ಯೆ ಎಲ್ಲಾದರೂ ನೀರು, ಸೊಪ್ಪು, ಮಾಂಸ ಸಿಗುವ ತಂಗುದಾಣ ಬೇಕಿತ್ತು.

1657ರಲ್ಲಿ ಕಂಪನಿ ತನ್ನ ಒಂಬತ್ತು ನೌಕರರನ್ನು ಕೆಲಸದಿಂದ ಬಿಡಿಸಿ, ಲೀಸ್‌ಬೀಕ್ ನದಿಯ ದಡದಲ್ಲಿ ಜಮೀನು ಕೊಟ್ಟಿತು. 'ಫ್ರೀ ಬರ್ಗರ್' ಅಂತ ಕರೆಯೋದು ಇವರನ್ನೇ. ಯುರೋಪಿಯನ್ ವಸಾಹತಿನ ಶುರು ಇಲ್ಲಿಂದ. ಆ ಜಮೀನು ಖಾಲಿ ಇರಲಿಲ್ಲ. ಖೋಯ್‌ಖೋಯ್ ಜನ ದನ ಮೇಯಿಸುತ್ತಿದ್ದ ಹುಲ್ಲುಗಾವಲು ಅದು. ಎರಡೇ ವರ್ಷದಲ್ಲಿ, 1659ರಲ್ಲಿ, ಮೊದಲ ಯುದ್ಧ ಆಯಿತು.

1658ರಲ್ಲಿ ಗುಲಾಮರನ್ನು ತುಂಬಿದ ಹಡಗುಗಳೂ ಬಂದವು. ಅಂದ್ರೆ 'ಮೊದಲ ವಲಸಿಗರು' ಮತ್ತು 'ಮೊದಲ ಗುಲಾಮರು' ಹೆಚ್ಚುಕಡಿಮೆ ಒಂದೇ ಕಾಲದವರು. ಇದನ್ನು ನೆನಪಿಟ್ಟುಕೊಳ್ಳಿ.

ಫೋಟೋ ಬಗ್ಗೆ ಒಂದು ಮಾತು: ಹಳೇ ರ‍್ಯಾಂಡ್ ನೋಟಿನ ಮೇಲಿರೋ ಈ ಉದ್ದ ಕೂದಲಿನ ಗಂಡಸನ್ನು ದಶಕಗಳ ಕಾಲ ವಾನ್ ರಿಬೀಕ್ ಅಂತಲೇ ಎಲ್ಲರೂ ನಂಬಿದ್ದರು. ಆಮೇಲೆ ನೋಡಿದರೆ ಆ ಚಿತ್ರ ಬಾರ್ಥಲೋಮಿಯಸ್ ವರ್ಮೌಡನ್ ಅನ್ನೋ ಬೇರೆ ಯಾರದ್ದೋ ಅಂತ ಸಂಶೋಧಕರು ಗುರುತಿಸಿದರು. ಇಡೀ ದೇಶ 'ಮೂಲಪುರುಷ' ಅಂತ ಜೇಬಲ್ಲಿಟ್ಟುಕೊಂಡು ಓಡಾಡಿದ್ದು ಬೇರೆಯವನ ಮುಖ!

ಭಾಗ 3/9

ಈಗ ಸ್ವಲ್ಪ ಟೆಕ್ನಿಕಲ್. ಆದರೆ ಇದು ಅರ್ಥ ಆದರೆ ಮುಂದಿನದ್ದೆಲ್ಲ ಸುಲಭ.

ಕ್ರಿಸ್ಟೊಫೆಲ್ ಕೂಟ್ಸೀ ಡಿ ವಿಲಿಯರ್ಸ್ ಎಂಬಾತ ಕೇಪ್‌ನ ಹಳೆಯ ಕುಟುಂಬಗಳ ವಂಶಾವಳಿಯನ್ನು ಜೀವಮಾನವಿಡೀ ಸಂಗ್ರಹಿಸಿದ. 1890ರ ದಶಕದಲ್ಲಿ ಅದು ಸಂಪುಟಗಳಾಗಿ ಅಚ್ಚಾಯಿತು. 1966ರಲ್ಲಿ ಕೊರ್ ಪಾಮಾ ಅದನ್ನು ತಿದ್ದಿ ವಿಸ್ತರಿಸಿದರು. ಇಂದಿಗೂ ದಕ್ಷಿಣ ಆಫ್ರಿಕಾದಲ್ಲಿ ವಂಶ ಹುಡುಕುವವರು ಬಳಸೋದು ಇವರಿಬ್ಬರ ಹೆಸರಿನ ಪದ್ಧತಿಯನ್ನೇ.

ಪದ್ಧತಿ ಹೀಗಿದೆ. ಮೊದಲು ಬಂದು ನೆಲೆಸಿದ ಗಂಡಸು 'ಸ್ಟಾಮ್‌ವಾಡರ್', ಅಂದ್ರೆ ಮೂಲಪುರುಷ. ಅವನು 'ಎ'. ಅವನ ಮಕ್ಕಳು ಬಿ1, ಬಿ2, ಬಿ3. ಬಿ2ನ ಮೂರನೇ ಮಗು ಬಿ2 ಸಿ3. ಅವನ ಮೊದಲನೇ ಮಗು ಬಿ2 ಸಿ3 ಡಿ1. ಒಂದು ಕೋಡ್ ನೋಡಿದರೆ ಸಾಕು, ಆ ವ್ಯಕ್ತಿ ಮೂಲಪುರುಷನಿಂದ ಎಷ್ಟನೇ ತಲೆಮಾರು, ಯಾರ ಎಷ್ಟನೇ ಮಗು ಎಲ್ಲ ಗೊತ್ತಾಗುತ್ತೆ. ಚೆನ್ನಾಗಿದೆ ಅಲ್ವಾ?

ಆದರೆ ಒಂದು ಸಮಸ್ಯೆ. ಕೋಡ್ ಮುಂದುವರಿಯೋದು ಗಂಡುಮಕ್ಕಳ ಮೂಲಕ ಮಾತ್ರ. ಮಗಳಿಗೂ ಒಂದು ನಂಬರ್ ಇರುತ್ತೆ, ಆದರೆ ಮದುವೆಯಾದ ಕೂಡಲೇ ಅವಳ ಸಾಲು ಅಲ್ಲಿಗೆ ನಿಲ್ಲುತ್ತೆ. ಅವಳ ಮಕ್ಕಳು ಬೇರೆ ಮನೆತನದ ಪುಟಕ್ಕೆ ಹೋಗ್ತಾರೆ. ಮನೆಗೆ ಬಂದ ಸೊಸೆಯಂತೂ ಗಂಡನ ಹೆಸರಿನ ಪಕ್ಕದಲ್ಲಿ ಒಂದು ಟಿಪ್ಪಣಿ, ಅಷ್ಟೇ.

ಈಗ ಲೆಕ್ಕ ಹಾಕಿ. ನಿಮಗೆ ಅಪ್ಪ ಅಮ್ಮ 2. ಅಜ್ಜ ಅಜ್ಜಿಯರು 4. ಮುತ್ತಾತ ಮುತ್ತಜ್ಜಿಯರು 8. ಹೀಗೇ ಹತ್ತು ತಲೆಮಾರು ಹಿಂದಕ್ಕೆ ಹೋದರೆ 1024 ಸ್ಥಾನ. ಅಪ್ಪನ ಅಪ್ಪನ ಅಪ್ಪ ಅಂತ ಹೋಗುವ ಸಾಲು ತೋರಿಸೋದು ಆ 1024ರಲ್ಲಿ ಒಬ್ಬನನ್ನು ಮಾತ್ರ.

ಆ ಒಬ್ಬ ಯುರೋಪಿನವನಾದರೆ 'ನಾವು ಯುರೋಪಿಯನ್ನರು' ಅಂತ ಹೇಳಿಬಿಡಬಹುದು. ಉಳಿದ 1023?

ಭಾಗ 4/9

ಉಳಿದವರನ್ನು ಹುಡುಕೋದು ಹೇಗೆ?

ವಂಶ ಹುಡುಕುವವರ ಮೊದಲ ನಿಯಮ: ಮೂಲದಿಂದ ಕೆಳಗೆ ಬರಬೇಡ, ನಿನ್ನಿಂದ ಹಿಂದಕ್ಕೆ ಹೋಗು. 'ನಾವು ಇಂಥ ದೊಡ್ಡ ಮನುಷ್ಯನ ವಂಶ' ಅಂತ ತೀರ್ಮಾನ ಮಾಡಿಕೊಂಡು ಶುರು ಮಾಡಿದರೆ ದಾಖಲೆಗಳನ್ನು ಎಳೆದು ತಂದು ಜೋಡಿಸ್ತೀವಿ. ಒಂದೊಂದೇ ತಲೆಮಾರು, ಒಂದೊಂದಕ್ಕೂ ಕಾಗದದ ಸಾಕ್ಷಿ.

ದಕ್ಷಿಣ ಆಫ್ರಿಕಾದಲ್ಲಿ ಈ ಸಾಕ್ಷಿ ಸಿಗೋ ಜಾಗಗಳು:

▪ ಮರಣ ಸೂಚನೆ. ಒಬ್ಬರು ಸತ್ತಾಗ ಆಸ್ತಿ ವಿಲೇವಾರಿಗೆ ಸಲ್ಲಿಸುವ ಪತ್ರ. ಇದರಲ್ಲಿ ತಂದೆ, ತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳ ಹೆಸರು ಇರುತ್ತೆ. ತಾಯಿಯ ಹೆಸರಿಗೂ ಇಲ್ಲಿ ಜಾಗ ಇದೆ ಅನ್ನೋದೇ ದೊಡ್ಡ ವಿಷಯ.

▪ ಚರ್ಚಿನ ದೀಕ್ಷಾಸ್ನಾನದ ಪುಸ್ತಕ. ಕೇಪ್‌ಗೆ ಮೊದಲ ಪೂರ್ಣಾವಧಿ ಪಾದ್ರಿ ಬಂದಿದ್ದು 1665ರಲ್ಲಿ. ಮಗು, ಅಪ್ಪ ಅಮ್ಮ, ಸಾಕ್ಷಿಗಳು ಎಲ್ಲ ಇದರಲ್ಲಿ ದಾಖಲು. ಸಾಕ್ಷಿಗಳು ಹೆಚ್ಚಾಗಿ ನೆಂಟರೇ ಆಗಿರುತ್ತಿದ್ದರಿಂದ ಅದೂ ಒಂದು ಸುಳಿವು.

▪ ಒಪ್‌ಗಾಫ್ ಪಟ್ಟಿ. ತೆರಿಗೆಗಾಗಿ ಬರೆದ ಮನೆಗಣತಿ. ಗಂಡ, ಹೆಂಡತಿ, ಮಕ್ಕಳು, ಗುಲಾಮರು, ಕುದುರೆ, ದನ, ಕುರಿ, ದ್ರಾಕ್ಷಿ ಬಳ್ಳಿ. ಹೌದು, ಎಲ್ಲ ಒಂದೇ ಸಾಲಲ್ಲಿ.

▪ ಗುಲಾಮರ ಕ್ರಯಪತ್ರ ಮತ್ತು ಬಿಡುಗಡೆ ಪತ್ರ.

ಈ ಕಾಗದಗಳ ದೊಡ್ಡ ಭಂಡಾರ ಇರೋದು ಕೇಪ್‌ಟೌನಿನ ರೋಲೆಂಡ್ ಬೀದಿಯ ಪತ್ರಾಗಾರದಲ್ಲಿ. ಒಂದು ಕಾಲಕ್ಕೆ ಅಲ್ಲಿ ಜೈಲಿತ್ತು.

ತಾಯಂದಿರ ದಾರಿ ಹಿಡಿದು ಹೋದವರಿಗೆ ಕೆಲವು ಹೆಸರುಗಳು ಮತ್ತೆ ಮತ್ತೆ ಸಿಗತೊಡಗಿದವು: 'ವಾನ್ ಬೆಂಗಾಲೆ', ಬಂಗಾಳದವಳು. 'ವಾನ್ ಮಲಬಾರ್', ಮಲಬಾರಿನವಳು. 'ವಾನ್ ಡೆ ಕುಸ್ಟ್', ಕರಾವಳಿಯವಳು. ಇಲ್ಲಿ ಕರಾವಳಿ ಅಂದ್ರೆ ಕೋರಮಂಡಲ. 'ವಾನ್ ಮಡಗಾಸ್ಕರ್'.

ಇವು ಸರ್‌ನೇಮ್ ಅಲ್ಲ. ಸರ್‌ನೇಮ್ ಕಿತ್ತುಕೊಂಡವರಿಗೆ ಹಾಕಿದ ಚೀಟಿ.

ಭಾಗ 5/9

ಆ ಹೆಸರುಗಳಲ್ಲಿ ಒಬ್ಬಳನ್ನು ಹತ್ತಿರದಿಂದ ನೋಡೋಣ. ಆಂಜೆಲಾ ವಾನ್ ಬೆಂಗಾಲೆ.

17ನೇ ಶತಮಾನದಲ್ಲಿ ಅರಕಾನಿನ ದೋಣಿಗಳು, ಜೊತೆಗೆ ಪೋರ್ಚುಗೀಸ್ ಕಡಲುಗಳ್ಳರು ಬಂಗಾಳದ ನದೀಮುಖಜ ಭೂಮಿಯ ಹಳ್ಳಿಗಳಿಗೆ ನುಗ್ಗಿ ಜನರನ್ನು ಹಿಡಿದು ಮಾರುತ್ತಿದ್ದರು. ಕೊಳ್ಳುವವರಲ್ಲಿ ಡಚ್ಚರು ಮುಂದೆ ಇದ್ದರು. ಬಂಗಾಳದ ಎಷ್ಟೋ ಜನ ಬಟಾವಿಯಾಕ್ಕೆ, ಅಂದ್ರೆ ಇಂದಿನ ಜಕಾರ್ತಕ್ಕೆ, ಕೆಲವರು ಕೇಪ್‌ಗೆ ಸಾಗಿದ್ದು ಹೀಗೆ.

ಆಂಜೆಲಾ 1657ರಲ್ಲಿ ಕೇಪ್‌ನಲ್ಲಿ ಕಾಣಿಸಿಕೊಳ್ಳುತ್ತಾಳೆ. ಕೊಂಡವನು ಬೇರೆ ಯಾರೂ ಅಲ್ಲ, ವಾನ್ ರಿಬೀಕ್. ಅವಳ ಊರು, ಅಪ್ಪ ಅಮ್ಮ ಇಟ್ಟ ಹೆಸರು ಯಾವ ಕಾಗದದಲ್ಲೂ ಇಲ್ಲ. 'ಆಂಜೆಲಾ' ಒಡೆಯರು ಕರೆದ ಹೆಸರು, 'ಬಂಗಾಳ' ಅವಳು ಬಂದ ದಿಕ್ಕು.

1662ರಲ್ಲಿ ವಾನ್ ರಿಬೀಕ್ ಕೇಪ್ ಬಿಟ್ಟು ಹೋಗುವಾಗ ಅವಳನ್ನು ಅಬ್ರಹಾಂ ಗಬ್ಬೆಮಾ ಎಂಬ ಅಧಿಕಾರಿಗೆ ಮಾರಿದ. 1666ರಲ್ಲಿ ಗಬ್ಬೆಮಾ ಬಟಾವಿಯಾಕ್ಕೆ ಹೊರಟಾಗ ಅವಳನ್ನೂ ಅವಳ ಮೂವರು ಮಕ್ಕಳನ್ನೂ ಬಿಡುಗಡೆ ಮಾಡಿದ. ಮರುವರ್ಷ ಅವಳ ಹೆಸರಿಗೆ ಕೇಪ್ ಊರಿನಲ್ಲಿ ಒಂದು ಸೈಟ್ ಸಿಕ್ಕಿತು. ಹತ್ತು ವರ್ಷದ ಹಿಂದೆ ಮಾರಾಟದ ವಸ್ತುವಾಗಿದ್ದವಳು ಈಗ ನಿವೇಶನದ ಒಡತಿ.

1668ರಲ್ಲಿ ದೀಕ್ಷಾಸ್ನಾನ. 1669ರ ಡಿಸೆಂಬರಿನಲ್ಲಿ ಜರ್ಮನಿಯ ವೇಸಲ್ ಊರಿನ ಆರ್ನಾಲ್ಡಸ್ ಬಾಸನ್ ಜೊತೆ ಮದುವೆ. ಊರವರು ಅವಳನ್ನು 'ಮಾಯ್ ಆನ್ಸೆಲಾ' ಅಂತ ಕರೆದರು. ನಮ್ಮಲ್ಲಿ ಆನ್ಸೆಲಮ್ಮ ಅಂದ ಹಾಗೆ.

ದಕ್ಷಿಣ ಆಫ್ರಿಕಾದಲ್ಲಿ ಇವತ್ತು ಬಾಸನ್ ಮನೆತನ ದೊಡ್ಡದು. ಪುಸ್ತಕ ತೆಗೆದರೆ ಮೂಲಪುರುಷ: ಆರ್ನಾಲ್ಡಸ್, ವೇಸಲ್‌ನವನು. ಸರಿಯೇ. ಆದರೆ ಆ ಮನೆತನದ ಪ್ರತಿಯೊಂದು ಕೊಂಬೆಯ ಬುಡದಲ್ಲೂ ಬಂಗಾಳದ ಒಬ್ಬ ಹೆಂಗಸು ಇದ್ದಾಳೆ.

ಭಾಗ 6/9

ಆನ್ಸೆಲಮ್ಮ ಒಬ್ಬಳೇ ಅಲ್ಲ.

ಅವಳ ಮಗಳು ಆನಾ ಡಿ ಕೋನಿಂಗ್. ಹುಟ್ಟುವಾಗ ಗುಲಾಮಳು, 1666ರಲ್ಲಿ ಅಮ್ಮನ ಜೊತೆ ಬಿಡುಗಡೆಯಾದ ಮಕ್ಕಳಲ್ಲಿ ಒಬ್ಬಳು. ಅಪ್ಪ ಒಬ್ಬ ಯುರೋಪಿಯನ್ ಸೈನಿಕ, ಅವನ ಹೆಸರೇ ಇವಳಿಗೆ ಬಂತು. ಗಮನಿಸಿ: ಒಂದೇ ತಲೆಮಾರಿನಲ್ಲಿ 'ಬಂಗಾಳ' ಅನ್ನೋ ಪದ ಹೆಸರಿನಿಂದ ಮಾಯ! ಆನಾ ಸ್ವೀಡನ್ ಮೂಲದ ಸೇನಾಧಿಕಾರಿ ಓಲೋಫ್ ಬರ್ಗ್‌ನನ್ನು ಮದುವೆಯಾದಳು. ಮುಂದೆ ಪ್ರಸಿದ್ಧ ವೈನ್ ಎಸ್ಟೇಟ್ ಗ್ರೂಟ್ ಕಾನ್‌ಸ್ಟಾನ್ಷಿಯಾ ಬರ್ಗ್ ಕೈಗೆ ಬಂತು. 1724ರಲ್ಲಿ ಅವನು ಸತ್ತ ಮೇಲೆ 1734ರಲ್ಲಿ ತಾನು ಸಾಯುವವರೆಗೆ ಆನಾಳೇ ಅದರ ಯಜಮಾನಿ.

ಚಪ್ಪಾಳೆ ತಟ್ಟೋ ಮುಂಚೆ ಇನ್ನೊಂದು ಮಾತು. ಆ ದ್ರಾಕ್ಷಿ ತೋಟದಲ್ಲಿ ದುಡಿದವರು ಗುಲಾಮರೇ. ಗುಲಾಮಳಾಗಿ ಹುಟ್ಟಿದವಳು ಗುಲಾಮರ ಒಡತಿಯಾದಳು. ವಂಶವೃಕ್ಷದಲ್ಲಿ ನಮಗೆ ಬೇಕಾದ ಹಾಗೆ ಒಳ್ಳೆಯವರು ಮಾತ್ರ ಸಿಗಲ್ಲ.

ಕಾನ್‌ಸ್ಟಾನ್ಷಿಯಾ ಕಟ್ಟಿದವನು ಗವರ್ನರ್ ಸಿಮೊನ್ ವಾನ್ ಡೆರ್ ಸ್ಟೆಲ್. ಸ್ಟೆಲೆನ್‌ಬಾಶ್ ಊರಿಗೆ ಹೆಸರು ಬಂದಿದ್ದು ಇವನಿಂದ. ಇವನ ತಾಯಿಯ ತಾಯಿ ಮೋನಿಕಾ, ಭಾರತದ ಕರಾವಳಿಯ ಮೂಲದವಳು.

ಇನ್ನೊಬ್ಬಳು ಕ್ರೋಟೋವಾ. ಅದೇ ನೆಲದ ಖೋಯ್‌ಖೋಯ್ ಹುಡುಗಿ. ವಾನ್ ರಿಬೀಕ್ ಮನೆಯಲ್ಲಿ ಬೆಳೆದಳು, ಡಚ್ ಕಲಿತಳು, ಎರಡೂ ಕಡೆಯ ಮಾತುಕತೆಗೆ ದುಭಾಷಿ ಆದಳು. 1664ರಲ್ಲಿ ಡ್ಯಾನಿಶ್ ವೈದ್ಯ ಪೀಟರ್ ವಾನ್ ಮೇರ್‌ಹಾಫ್ ಜೊತೆ ಮದುವೆ. ಗಂಡ ಸತ್ತ ಮೇಲೆ ಕುಡಿತಕ್ಕೆ ಬಿದ್ದಳು ಅಂತ ಮಕ್ಕಳನ್ನು ಕಿತ್ತುಕೊಂಡು ಅವಳನ್ನು ರಾಬೆನ್ ದ್ವೀಪಕ್ಕೆ ಹಾಕಿದರು. ಹೌದು, ಸುಮಾರು 300 ವರ್ಷ ಆದಮೇಲೆ ಮಂಡೇಲಾರನ್ನು ಇಟ್ಟ ಅದೇ ದ್ವೀಪ. 1674ರಲ್ಲಿ ತೀರಿಕೊಂಡಳು. ಅವಳ ಮಗಳು ಪೀಟರ್ನೆಲ್ಲಾ ಡೇನಿಯಲ್ ಸಾಯ್‌ಮನ್‌ನನ್ನು ಮದುವೆಯಾದಳು. ಆ ದಾರಿಯಲ್ಲಿ ಕ್ರೋಟೋವಾಳ ರಕ್ತ ಇಂದಿನ ಸಾವಿರಾರು ಆಫ್ರಿಕಾನರ್ ಮನೆಗಳಿಗೆ ಹರಿದಿದೆ.

ಭಾಗ 7/9

ಹಾಗಾದರೆ ಇದನ್ನೆಲ್ಲ ಮುಚ್ಚಿಡೋ ಕೆಲಸ ಯಾವಾಗ ಶುರುವಾಯ್ತು?

1685ರಲ್ಲಿ ಕಂಪನಿಯ ದೊಡ್ಡ ಅಧಿಕಾರಿಯೊಬ್ಬ ಕೇಪ್‌ಗೆ ತಪಾಸಣೆಗೆ ಬಂದ. ಹೆಸರು ಹೆಂಡ್ರಿಕ್ ವಾನ್ ರೀಡ್. ಬಾಟನಿ ಓದೋ ಗೆಳೆಯರೇ, ಹೆಸರು ಕೇಳಿದ ಹಾಗಿದೆಯಾ? 'ಹೊರ್ಟಸ್ ಮಲಬಾರಿಕಸ್' ಮಾಡಿಸಿದ ಅದೇ ಮನುಷ್ಯ! ಮಲಬಾರಿನ ಗಿಡಮೂಲಿಕೆಗಳ 12 ಸಂಪುಟದ ಗ್ರಂಥ. ಕೇರಳದ ವೈದ್ಯ ಇಟ್ಟಿ ಅಚ್ಯುತನ್, ಜೊತೆಗೆ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವಿದ್ವಾಂಸರ ಜ್ಞಾನ ಇಲ್ಲದಿದ್ದರೆ ಆ ಗ್ರಂಥವೇ ಇಲ್ಲ.

ಅದೇ ವಾನ್ ರೀಡ್ ಕೇಪ್‌ನಲ್ಲಿ ಒಂದು ಆದೇಶ ಬರೆದ: ಯುರೋಪಿಯನ್ ಗಂಡಸರು ಗುಲಾಮ ಮೂಲದ ಹೆಂಗಸರನ್ನು ಮದುವೆ ಆಗಬಾರದು, ಆದರೆ ಅವಳ ಅಪ್ಪ ಯುರೋಪಿಯನ್ ಆಗಿದ್ದರೆ ಆಗಬಹುದು. ಗಿಡಗಳನ್ನು ಜಾತಿವಾರು ವಿಂಗಡಿಸಿದ ಹಾಗೆ ಮನುಷ್ಯರ ವಿಂಗಡಣೆ.

ಆದರೂ ಗೆರೆ ಅಳಿಸಿಹೋಗುತ್ತಲೇ ಇತ್ತು. 1707ರಲ್ಲಿ ಸ್ಟೆಲೆನ್‌ಬಾಶ್‌ನಲ್ಲಿ ಹೆಂಡ್ರಿಕ್ ಬೀಬೌ ಎಂಬ ಹುಡುಗ ಕುಡಿದು ಗಲಾಟೆ ಮಾಡಿ ಸಿಕ್ಕಿಬಿದ್ದ. ಅಧಿಕಾರಿ ಗದರಿದಾಗ 'ನಾನು ಆಫ್ರಿಕಾನರ್, ಇಲ್ಲಿಂದ ಹೋಗಲ್ಲ' ಅನ್ನೋ ಅರ್ಥದಲ್ಲಿ ಕೂಗಿದ. ಯುರೋಪಿಯನ್ ಮೂಲದವನೊಬ್ಬ ತನ್ನನ್ನು ಆ ಹೆಸರಿನಿಂದ ಕರೆದುಕೊಂಡ ಮೊದಲ ದಾಖಲೆ ಅಂತ ಇದನ್ನು ಪಠ್ಯಗಳಲ್ಲಿ ಹೇಳ್ತಾರೆ. ಈ ಹೆಂಡ್ರಿಕ್‌ನ ಮಲಸಹೋದರಿ ಸುಸಾನಾ. ಅವಳ ತಾಯಿ ಡಯಾನಾ ಗುಲಾಮಳಾಗಿದ್ದಳು. ಅಂದ್ರೆ 'ನಾನು ಆಫ್ರಿಕಾನರ್' ಅಂತ ಮೊದಲು ಕೂಗಿದ ಮನೆಯೇ ಬೆರಕೆ ಮನೆ.

1652ರಿಂದ 1808ರವರೆಗೆ ಕೇಪ್‌ಗೆ ತಂದ ಗುಲಾಮರು ಸುಮಾರು 63,000 ಅಂತ ಇತಿಹಾಸಕಾರ ರಾಬರ್ಟ್ ಶೆಲ್ ಲೆಕ್ಕ ಹಾಕಿದ್ದಾರೆ. ಅವರಲ್ಲಿ ಸುಮಾರು ಕಾಲು ಭಾಗ ಭಾರತ ಉಪಖಂಡದವರು. ನಮ್ಮ ಪಠ್ಯಪುಸ್ತಕದಲ್ಲಿ ಇವರಿಗೆ ಒಂದು ಸಾಲೂ ಇರ್ಲಿಲ್ಲ.

ಭಾಗ 8/9

ಈ ಭಾಗ ನಿಧಾನವಾಗಿ ಓದಿ.

1948ರಲ್ಲಿ ನ್ಯಾಷನಲ್ ಪಾರ್ಟಿ ಅಧಿಕಾರಕ್ಕೆ ಬಂತು. 1949: ಬಿಳಿಯರು ಮತ್ತು ಬಿಳಿಯರಲ್ಲದವರ ಮದುವೆ ಅಪರಾಧ. 1950: ಜನಸಂಖ್ಯಾ ನೋಂದಣಿ ಕಾಯ್ದೆ. ಪ್ರತಿಯೊಬ್ಬರಿಗೂ ಜನಾಂಗದ ಮುದ್ರೆ. ಯಾವ ಏರಿಯಾದಲ್ಲಿ ವಾಸ, ಯಾವ ಶಾಲೆ, ಯಾರ ಜೊತೆ ಮದುವೆ ಎಲ್ಲವೂ ಆ ಮುದ್ರೆ ಮೇಲೆ.

ತಮಾಷೆ ಏನು ಗೊತ್ತಾ? 'ಬಿಳಿಯ' ಅಂದ್ರೆ ಯಾರು ಅಂತ ಬರೆಯುವಾಗ ಆ ಕಾಯ್ದೆ ವಂಶ ನೋಡಲಿಲ್ಲ. ನೋಡೋಕೆ ಬಿಳಿಯರ ಹಾಗೆ ಇದ್ದಾರಾ, ಸುತ್ತಲಿನವರು ಬಿಳಿಯರು ಅಂತ ಒಪ್ಪಿದ್ದಾರಾ, ಇಷ್ಟೇ. ವಂಶ ನೋಡಹೊರಟರೆ ಎಷ್ಟು ದೊಡ್ಡ ಮನೆಗಳ ಬಾಗಿಲು ತೆರೆಯಬೇಕಾಗುತ್ತಿತ್ತು ಅಂತ ಈಗ ನಿಮಗೆ ಗೊತ್ತು.

ಅನುಮಾನ ಬಂದರೆ ಕೂದಲಿಗೆ ಪೆನ್ಸಿಲ್ ಸಿಕ್ಕಿಸಿ ನೋಡ್ತಿದ್ದರು. ಬಿದ್ದರೆ ಬಿಳಿಯ, ಸಿಕ್ಕಿಕೊಂಡರೆ ಅಲ್ಲ.

ಸಾಂಡ್ರಾ ಲೇಯಿಂಗ್ 1955ರಲ್ಲಿ ಬಿಳಿಯರೆಂದು ನೋಂದಾಯಿತ ಅಪ್ಪ ಅಮ್ಮನಿಗೆ ಹುಟ್ಟಿದ ಹುಡುಗಿ. ಮೈಬಣ್ಣ ಕಂದು, ಕೂದಲು ಗುಂಗುರು. ಹತ್ತು ವರ್ಷದವಳಿದ್ದಾಗ ಶಾಲೆಯಿಂದ ಹೊರಹಾಕಿ ಪೊಲೀಸರ ಜೊತೆ ಮನೆಗೆ ಕಳಿಸಿದರು. 1966ರಲ್ಲಿ ಸರ್ಕಾರ ಅವಳನ್ನು 'ಕಲರ್ಡ್' ಅಂತ ಬದಲಾಯಿಸಿತು. ಅಪ್ಪ ಕೋರ್ಟಿಗೆ ಹೋದರು. 1967ರಲ್ಲಿ ಕಾನೂನಿಗೇ ತಿದ್ದುಪಡಿ ಬಂತು: ಅಪ್ಪ ಅಮ್ಮ ಇಬ್ಬರೂ ಬಿಳಿಯರಾದರೆ ಮಗುವೂ ಬಿಳಿ. ಸಾಂಡ್ರಾ ಮತ್ತೆ 'ಬಿಳಿ'. ಆದರೆ ಬಿಳಿಯರ ಮಕ್ಕಳು ಅವಳ ಜೊತೆ ಆಡಲಿಲ್ಲ. ಮುಂದೆ ಅವಳು ಕಪ್ಪು ಯುವಕನ ಜೊತೆ ಹೋದಾಗ ತವರಿನ ಬಾಗಿಲು ಮುಚ್ಚಿತು. 2008ರ 'ಸ್ಕಿನ್' ಸಿನಿಮಾ ಇವಳದ್ದೇ ಕಥೆ.

ಕೇಪ್‌ಟೌನಿನ ಡಿಸ್ಟ್ರಿಕ್ಟ್ ಸಿಕ್ಸ್ ಬಡಾವಣೆಯನ್ನು 1966ರಲ್ಲಿ 'ಬಿಳಿಯರ ಪ್ರದೇಶ' ಅಂತ ಘೋಷಿಸಿ 60,000ಕ್ಕೂ ಹೆಚ್ಚು ಜನರನ್ನು ಒಕ್ಕಲೆಬ್ಬಿಸಿದರು. ಹೆಚ್ಚಿನವರು 'ಕಲರ್ಡ್' ಮುದ್ರೆಯವರು. ಕೇಪ್‌ನ ಕಲರ್ಡ್ ಮನೆಗಳಲ್ಲೂ ಬಿಳಿಯ ಮನೆಗಳಲ್ಲೂ ಎಷ್ಟೋ ಸರ್‌ನೇಮ್ ಒಂದೇ. ಒಂದೇ ಅಜ್ಜಿಯ ಮೊಮ್ಮಕ್ಕಳು ಮುದ್ರೆಯ ಎರಡು ಕಡೆ ನಿಂತಿದ್ದರು.

ಭಾಗ 9/9 (ಕೊನೆಯದು)

ಸುಳ್ಳನ್ನು ಮೊದಲು ಅಲುಗಾಡಿಸಿದ್ದು ಚಳವಳಿ ಅಲ್ಲ, ಚರ್ಚಿನ ಹಳೇ ಪುಸ್ತಕಗಳು.

1971ರಲ್ಲಿ, ವರ್ಣಭೇದ ನೀತಿ ಭದ್ರವಾಗಿದ್ದ ಕಾಲದಲ್ಲೇ, ಜೆ. ಎ. ಹೀಸೆ ಎಂಬ ಆಫ್ರಿಕಾನರ್ ವಂಶಶಾಸ್ತ್ರಜ್ಞ 1657ರಿಂದ 1867ರವರೆಗಿನ ಮದುವೆ ಮತ್ತು ದೀಕ್ಷಾಸ್ನಾನದ ದಾಖಲೆ ಲೆಕ್ಕ ಹಾಕಿ ಒಂದು ಪುಸ್ತಕ ತಂದರು. ಆಫ್ರಿಕಾನರ್ ಮೂಲದಲ್ಲಿ ಸುಮಾರು 7% ಯುರೋಪಿನದ್ದಲ್ಲ ಅಂತ ಅದರ ಅಂದಾಜು. 1980ರ ದಶಕದಲ್ಲಿ ಹಾನ್ಸ್ ಹೀಸೆ ಇನ್ನೂ ಮುಂದೆ ಹೋಗಿ, ಬೆರಕೆ ಮದುವೆಗಳ ಪಟ್ಟಿಯನ್ನೇ ಹೆಸರು ಸಮೇತ ಅಚ್ಚು ಹಾಕಿಸಿದರು. ಪಟ್ಟಿಯಲ್ಲಿ ಯಾರ ಮನೆಯ ಸರ್‌ನೇಮ್ ಇದೆ ಅನ್ನೋದೇ ಸುದ್ದಿಯಾಯ್ತು.

2020ರಲ್ಲಿ 77 ಆಫ್ರಿಕಾನರ್‌ಗಳ ಡಿಎನ್‌ಎ ಅಧ್ಯಯನ ಪ್ರಕಟವಾಯಿತು. ಸರಾಸರಿ 4.7% ಯುರೋಪಿನ ಹೊರಗಿನ ಮೂಲ. ಒಬ್ಬಿಬ್ಬರಲ್ಲಿ ಅಲ್ಲ, ಹೆಚ್ಚುಕಡಿಮೆ ಎಲ್ಲರಲ್ಲೂ. ಅದರಲ್ಲಿ ದಕ್ಷಿಣ ಏಷ್ಯಾದ ಪಾಲೂ ಇದೆ. ಆನ್ಸೆಲಮ್ಮ ಇನ್ನೂ ಅಲ್ಲೇ ಇದ್ದಾಳೆ.

4.7% ಕಡಿಮೆ ಅನ್ನಿಸ್ತಾ? ಯೋಚಿಸಿ. ಈ ಸಣ್ಣ ಪಾಲು ಇಲ್ಲ ಅಂತ ಹೇಳೋಕೆ ಒಂದು ದೇಶ ಕಾನೂನು ಮಾಡಿ, ಕೂದಲಿಗೆ ಪೆನ್ಸಿಲ್ ಸಿಕ್ಕಿಸಿ, ಮನೆಗಳಿಗೆ ಬುಲ್ಡೋಜರ್ ಹರಿಸಿತು. ಮಿಶ್ರ ಮದುವೆಯ ನಿಷೇಧ 1985ರಲ್ಲಿ ಹೋಯಿತು, ನೋಂದಣಿ ಕಾಯ್ದೆ 1991ರಲ್ಲಿ.

ನಾನು ಇದರಿಂದ ಕಲಿತದ್ದು ಒಂದೇ. ವಂಶವೃಕ್ಷ ಸುಳ್ಳು ಹೇಳೋಕೆ ತಪ್ಪು ಹೆಸರು ಬರೆಯಬೇಕಾಗಿಲ್ಲ. ಬಾಸನ್ ಮನೆಯ ಪುಸ್ತಕದಲ್ಲಿ ಆರ್ನಾಲ್ಡಸ್ ಹೆಸರು ನಿಜವೇ. ಅರ್ಧ ಹೆಸರುಗಳನ್ನು ಪಕ್ಕಕ್ಕಿಟ್ಟರೆ ಸಾಕು, ಉಳಿದ ಅರ್ಧ ನಿಜವೇ ಸೇರಿ ಸುಳ್ಳಾಗುತ್ತೆ. 'ನಮ್ಮದು ಶುದ್ಧ ವಂಶ' ಅಂತ ಯಾರಾದರೂ ಹೇಳಿದರೆ, ಅದು ಕೇಪ್‌ನಲ್ಲಾಗಲಿ ನಮ್ಮೂರಲ್ಲಾಗಲಿ, ಒಂದೇ ಪ್ರಶ್ನೆ ಕೇಳಿ: ನಿಮ್ಮ ಅಜ್ಜಿಯ ಅಜ್ಜಿ ಯಾರು?

ನಮ್ಮಲ್ಲೂ ಹೆಳವರು ಎತ್ತಿನ ಮೇಲೆ ಊರೂರಿಗೆ ಬಂದು ಮನೆತನದ ವಂಶಾವಳಿ ಹೇಳುತ್ತಿದ್ದರು. ಅಜ್ಜಂದಿರನ್ನು ಕೇಳಿದರೆ ನೆನಪಿಸಿಕೊಳ್ತಾರೆ. ಅದೂ ಮುಖ್ಯವಾಗಿ ಗಂಡಸರ ಸಾಲೇ.

ಈ ವಾರದ ಹೋಂವರ್ಕ್: ಅಮ್ಮನಿಗೆ ಅಥವಾ ಅಜ್ಜಿಗೆ ಫೋನ್ ಮಾಡಿ. ಅಮ್ಮನ ಅಮ್ಮನ ಅಮ್ಮನ ಹೆಸರು, ಅವರ ತವರು ಯಾವ ಊರು ಅಂತ ಕೇಳಿ ಬರೆದಿಡಿ. ನಾನು ಕೇಳಿದಾಗ ಅಮ್ಮ ಎರಡು ನಿಮಿಷ ಸುಮ್ಮನಿದ್ದು, 'ತಡಿ, ದೊಡ್ಡಮ್ಮಂಗೆ ಗೊತ್ತಿರುತ್ತೆ' ಅಂದ್ರು. ಗೊತ್ತಿತ್ತು. ಇನ್ನೊಂದು ಹತ್ತು ವರ್ಷ ಬಿಟ್ಟು ಕೇಳಿದ್ದರೆ ಗೊತ್ತಿರೋರು ಯಾರೂ ಇರ್ತಿರ್ಲಿಲ್ಲ.

ಹೆಸರು ಸಿಕ್ಕಿದರೆ ಕಾಮೆಂಟಲ್ಲಿ ಹಾಕಬೇಕಂತಿಲ್ಲ. ನಿಮ್ಮ ನೋಟ್‌ಬುಕ್ಕಲ್ಲಿ ಇರಲಿ, ಸಾಕು.

#ಇತಿಹಾಸ #ವಂಶವೃಕ್ಷ #ಆನ್ಸೆಲಮ್ಮ #ಕನ್ನಡದಲ್ಲಿಇತಿಹಾಸ